ಹಿಮ್ಮಡಿಯ ಹುರಿ ನೋಯುತ್ತಿದ್ದರೆ: ಓಟಗಾರರಿಗೆ ಹನ್ನೆರಡು ವಾರದ ಕೆಲಸ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯಲ್ಲೇ ಈ ನೋವಿನ ಗುರುತು ಸಿಗುತ್ತದೆ. ಹಿಮ್ಮಡಿಯ ಹಿಂಭಾಗ ಕಟ್ಟಿಗೆಯಂತೆ ಬಿಗಿದುಕೊಂಡಿರುತ್ತದೆ, ಗೋಡೆ ಹಿಡಿದು ಕುಂಟಬೇಕು. ಕಾಫಿ ಮುಗಿಯುವ ಹೊತ್ತಿಗೆ ಸಡಿಲ. ಓಡಲು ಹೊರಟರೆ ಮೊದಲ ಕಿಲೋಮೀಟರ್ ಚುಚ್ಚುತ್ತದೆ, ಆಮೇಲೆ ಮಾಯ. 'ಓಡಿದರೆ ತಾನೇ ಸರಿಹೋಗುತ್ತೆ' ಅಂದುಕೊಂಡು ಹತ್ತು ಕಿಲೋಮೀಟರ್ ಮುಗಿಸಿದವರಿಗೆ ಮರುದಿನ ಅದೇ ಹತ್ತು ಹೆಜ್ಜೆಯ ಕುಂಟು ಇಪ್ಪತ್ತು ಹೆಜ್ಜೆಗೆ ಬೆಳೆದಿರುತ್ತದೆ.

'ನರ ಹಿಡ್ಕೊಂಡಿದೆ' ಎಂದು ಎಲ್ಲರೂ ಹೇಳುವುದು ಇದನ್ನೇ. ನಿಜವಾಗಿ ಇದು ನರವಲ್ಲ. ಮೀನಖಂಡದ ಎರಡು ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ದಪ್ಪ ಹುರಿ, ಅಕಿಲಿಸ್ ಟೆಂಡನ್. ದೇಹದ ಟೆಂಡನ್‌ಗಳಲ್ಲೆಲ್ಲ ಗಟ್ಟಿಯಾದದ್ದು ಇದೇ, ಯಾಕೆಂದರೆ ಕೆಲಸವೂ ಹಾಗಿದೆ: ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ 6ರಿಂದ 8 ಪಟ್ಟು ಎಳೆತ ಇದರ ಮೇಲೆ ಬೀಳುತ್ತದೆ. 70 ಕೆಜಿ ತೂಗುವವರಿಗೆ ಅದು 420 ಕೆಜಿಗೆ ಕಡಿಮೆಯಿಲ್ಲ, ಒಂದು ಗಂಟೆಯ ಓಟದಲ್ಲಿ ಒಂದೊಂದು ಕಾಲಿಗೆ ಸುಮಾರು 5,000 ಸಲ.

ಈ ಲೆಕ್ಕ ತಲೆಯಲ್ಲಿದ್ದರೆ ಎರಡು ಸಾಮಾನ್ಯ ಚಿಕಿತ್ಸೆಗಳು ಯಾಕೆ ಕೈಕೊಡುತ್ತವೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಮೊದಲನೆಯದು ಪೂರ್ತಿ ವಿಶ್ರಾಂತಿ. ಆರು ವಾರ ಸುಮ್ಮನಿದ್ದರೆ ನೋವು ಇಳಿಯುತ್ತದೆ, ಜೊತೆಗೆ ಹುರಿಯ ತಾಕತ್ತೂ ಇಳಿಯುತ್ತದೆ. ಏಳನೇ ವಾರ ಶೂ ಕಟ್ಟಿದ ದಿನವೇ ನೋವು ಮರಳುತ್ತದೆ. ಎರಡನೆಯದು ಬಣ್ಣಬಣ್ಣದ ರಬ್ಬರ್ ಬ್ಯಾಂಡ್. ನೂರಾರು ಕೆಜಿ ಎಳೆಯಬೇಕಾದ ಹುರಿಗೆ ನಾಲ್ಕೈದು ಕೆಜಿಯ ಬ್ಯಾಂಡ್ ಎಳೆಸುವುದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹುರಿಗೆ ಬೇಕಾದದ್ದು ಹದವಾದ ಭಾರ. ಹದ ತಪ್ಪಿತೋ ಇಲ್ಲವೋ ಎಂಬುದನ್ನು ಹೇಳುವುದು ಮರುದಿನದ ಬೆಳಗು.

ಶುರು ಮಾಡುವ ಮುನ್ನ

ಓಡುವಾಗ ಯಾರೋ ಹಿಂದಿನಿಂದ ಒದ್ದಂತಾಗಿ, 'ಟಪ್' ಎಂದು ಸದ್ದಾಗಿ, ಆಮೇಲೆ ಆ ಕಾಲಿನ ತುದಿಯಲ್ಲಿ ನಿಲ್ಲಲು ಆಗುತ್ತಿಲ್ಲ ಎಂದರೆ ಹುರಿ ಹರಿದಿರಬಹುದು. ಮಂಚದ ಮೇಲೆ ಬೋರಲು ಮಲಗಿ ಪಾದವನ್ನು ಅಂಚಿನಾಚೆ ಇಳಿಬಿಡಿ, ಮನೆಯವರು ಯಾರಾದರೂ ಮೀನಖಂಡವನ್ನು ಹಿಂಡಲಿ. ಹಿಂಡಿದಾಗ ಪಾದ ಸ್ವಲ್ಪವಾದರೂ ಕೆಳಕ್ಕೆ ಬಾಗಬೇಕು. ಅಲುಗದಿದ್ದರೆ ಅದೇ ದಿನ ಮೂಳೆ ವೈದ್ಯರ ಬಳಿ ಹೋಗಿ. ಪಾದ ಅಲುಗಿದರೂ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಹೋಗಲೇಬೇಕು. ಮೀನಖಂಡವೇ ಊದಿ, ಬಿಸಿಯಾಗಿ, ಕೆಂಪಾಗಿದ್ದರೆ, ಅದರಲ್ಲೂ ದೂರದ ಬಸ್ಸು-ವಿಮಾನ ಪ್ರಯಾಣ ಅಥವಾ ಶಸ್ತ್ರಚಿಕಿತ್ಸೆಯ ನಂತರ, ರಕ್ತ ಹೆಪ್ಪುಗಟ್ಟಿರುವ ಅನುಮಾನ. ಆಗಲೂ ಕಾಯಬಾರದು, ಎಣ್ಣೆ ತಿಕ್ಕಿಸಲೂ ಬಾರದು.

ನಲವತ್ತರೊಳಗಿನವರಿಗೆ ಎರಡೂ ಹಿಮ್ಮಡಿ ನೋಯುತ್ತಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಜೊತೆಗೆ ಸೊಂಟ ಹಿಡಿಯುವುದು, ಸೋರಿಯಾಸಿಸ್ ಅಥವಾ ಆಗಾಗ ಕಣ್ಣು ಕೆಂಪಾಗಿ ನೋಯುವುದು ಇದ್ದರೆ ಅದು ಓಟದ ತೊಂದರೆಯಲ್ಲ, ವಾತರೋಗ ತಜ್ಞರು ನೋಡಬೇಕಾದದ್ದು. ಎರಡೂ ಕಾಲಿನ ಹುರಿಯಲ್ಲಿ ಗಟ್ಟಿ ಗಂಟುಗಳಿದ್ದರೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಮನೆತನದಲ್ಲಿ ಹರಿದುಬರುವ ಅಧಿಕ ಕೊಲೆಸ್ಟರಾಲ್ ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಇದೂ ಒಂದು.

ಇನ್ನು ಮಾತ್ರೆ. ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್‌ಗಳು ಈ ಹುರಿಗೆ ಹಾನಿ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ನಮ್ಮಲ್ಲಿ ಭೇದಿಗೆ, ಉರಿಮೂತ್ರಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲಿ ಇವೇ ಹೆಚ್ಚು. ನೋವು ಶುರುವಾಗುವ ಹಿಂದಿನ ಕೆಲವು ವಾರಗಳಲ್ಲಿ ಏನು ನುಂಗಿದ್ದೀರಿ ಎಂದು ನೆನಪು ಮಾಡಿಕೊಳ್ಳಿ. ಈಗಲೂ ನುಂಗುತ್ತಿದ್ದರೆ ಓಟ ನಿಲ್ಲಿಸಿ, ಮಾತ್ರೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಅಂದೇ ಕೇಳಿ.

ನೋವು ಎಲ್ಲಿದೆ

ಹೆಬ್ಬೆರಳು-ತೋರುಬೆರಳಲ್ಲಿ ಹುರಿಯನ್ನು ಚಿವುಟುತ್ತಾ ಮೇಲಿನಿಂದ ಕೆಳಕ್ಕೆ ಬನ್ನಿ. ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ 'ಅಯ್ಯೋ' ಎನಿಸಿದರೆ ಅದು ನಡುಭಾಗದ ನೋವು. ಮೂಳೆಗೆ ಅಂಟಿರುವ ಕಡೆಯೇ, ಶೂವಿನ ಹಿಂಬದಿ ಉಜ್ಜುವಲ್ಲಿ ನೋಯುತ್ತಿದ್ದರೆ ಅದು ಬುಡದ ನೋವು. ಈ ಎರಡಕ್ಕೂ ವ್ಯಾಯಾಮ ಹೆಚ್ಚುಕಡಿಮೆ ಒಂದೇ, ಆದರೆ ಒಂದು ವ್ಯತ್ಯಾಸ ದೊಡ್ಡದು. ಪಾದ ಮೇಲಕ್ಕೆ ಬಾಗಿದಷ್ಟೂ ಹುರಿಯ ಬುಡ ಮೂಳೆಗೆ ಒತ್ತುತ್ತದೆ, ಬುಡದ ನೋವಿಗೆ ಆ ಒತ್ತಡವೇ ವೈರಿ. ಹಾಗಾಗಿ ಬುಡ ನೋಯುವವರು ಮೆಟ್ಟಿಲ ಅಂಚಿನಿಂದ ಹಿಮ್ಮಡಿ ಕೆಳಗಿಳಿಸಬಾರದು, ಸಮನೆಲದಲ್ಲೇ ಮಾಡಬೇಕು. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ಸ್ಟ್ರೆಚ್ ಬೇಡ. ಸೂರ್ಯನಮಸ್ಕಾರ ಮಾಡುವವರು ಅಧೋಮುಖ ಶ್ವಾನಾಸನದಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಒತ್ತುವುದು, ಮಾಲಾಸನದಲ್ಲಿ ಕೂರುವುದು ಕೆಲವು ವಾರ ಬಿಡಲಿ. ಇಂಡಿಯನ್ ಕಕ್ಕಸಿನಲ್ಲಿ ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರುವುದೂ ಅದೇ ಒತ್ತಡ. ವ್ಯಾಯಾಮ ಶಿಸ್ತಾಗಿ ಮಾಡಿಯೂ ಬುಡದ ನೋವು ಇಳಿಯದವರು ಮೊದಲು ಈ ದಿನನಿತ್ಯದ ಕೂರುವಿಕೆಯನ್ನೇ ಹುಡುಕಬೇಕು. ಎರಡು ತಿಂಗಳ ಮಟ್ಟಿಗೆ ಕಮೋಡ್ ಬಳಸುವುದು ಕೆಲವರಿಗೆ ಯಾವ ಮುಲಾಮಿಗಿಂತಲೂ ಮೇಲು.

ಬೆಳಗಿನ ಲೆಕ್ಕ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಬೆಳಿಗ್ಗೆ ಎರಡು ಸಂಖ್ಯೆ ಬರೆಯಬೇಕು: ಬಿಗಿತ ಬಿಡಲು ಎಷ್ಟು ನಿಮಿಷ ಹಿಡಿಯಿತು, ಮತ್ತು ಆ ಕಾಲೊಂದರಲ್ಲೇ ಹತ್ತು ಸಲ ತುದಿಗಾಲಿಗೆ ಏರಿ ಇಳಿದಾಗ ನೋವು ಹತ್ತಕ್ಕೆ ಎಷ್ಟು. ಒಂಟಿಕಾಲಲ್ಲಿ ಆಗದಿದ್ದರೆ ಎರಡೂ ಕಾಲಲ್ಲಿ ಮಾಡಿ, ಹಾಗೆಂದೇ ಬರೆದಿಡಿ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವಿದ್ದರೆ ಹೆದರಬೇಕಿಲ್ಲ. ಐದರವರೆಗೂ ಬಿಟ್ಟು ನಡೆಸಿದ ಅಧ್ಯಯನಗಳಲ್ಲಿ ಜನ ಸುಧಾರಿಸಿದ್ದಾರೆ. ಷರತ್ತು ಒಂದೇ, ಮರುದಿನ ಬೆಳಿಗ್ಗೆ ಆ ಎರಡು ಸಂಖ್ಯೆ ಹಿಂದಿನ ದಿನಕ್ಕಿಂತ ಏರಿರಬಾರದು. ಏರಿದ್ದರೆ ನಿನ್ನೆಯ ಪ್ರಮಾಣ ಜಾಸ್ತಿಯಾಯಿತು ಎಂದರ್ಥ, ಅದನ್ನು ಕಾಲು ಭಾಗ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಬರುವ ಸಣ್ಣಪುಟ್ಟ ಏರಿಳಿತಕ್ಕೆ ಬೆಲೆ ಕೊಡಬೇಡಿ, ಮೂರು ದಿನ ಸತತ ಏರಿದರೆ ಕೊಡಿ.

ಮೊದಲ ಎರಡು ವಾರ

ಓಟ ನಿಲ್ಲಿಸಿ, ಇಲ್ಲವೇ ನೋವು ಸಣ್ಣದಿದ್ದರೆ ವೇಗ ಮತ್ತು ಏರು ಬಿಟ್ಟು ಸಮನೆಲದಲ್ಲಿ ಅರ್ಧಕ್ಕೆ ಇಳಿಸಿ. ದಮ್ಮು ಉಳಿಸಿಕೊಳ್ಳಲು ಸೈಕಲ್ ಒಳ್ಳೆಯದು. ಪೆಡಲನ್ನು ಬೆರಳುಗಳ ಬುಡದಲ್ಲಿ ಒತ್ತದೆ ಪಾದದ ನಡುವಿನಲ್ಲಿ ಒತ್ತಿದರೆ ಮೀನಖಂಡಕ್ಕೆ ಕೆಲಸ ಕಡಿಮೆ. ಈಜುವವರು ಗೋಡೆಯನ್ನು ಒದ್ದು ತಿರುಗುವುದನ್ನು ಬಿಡಲಿ.

ವ್ಯಾಯಾಮ ಒಂದೇ. ಎರಡೂ ಕಾಲಿನ ತುದಿಗೆ ಏರಿ, ಎತ್ತರದ ಅರ್ಧದಲ್ಲಿ 45 ಸೆಕೆಂಡು ಅಲುಗಾಡದೆ ನಿಲ್ಲಿ. 2 ನಿಮಿಷ ಬಿಡುವು. ಹೀಗೆ 5 ಸಲ, ದಿನಕ್ಕೆ ಎರಡು ಹೊತ್ತು. ಸುಲಭವೆನಿಸಿದ ದಿನ ನೋಯುವ ಕಾಲೊಂದರಲ್ಲೇ ನಿಲ್ಲಿ. ಕೊನೆಯ ಹತ್ತು ಸೆಕೆಂಡು ಮೀನಖಂಡ ನಡುಗಬೇಕು. ನಡುಗದಿದ್ದರೆ ಬೆನ್ನಿಗೆ ಬ್ಯಾಗ್ ಹಾಕಿ.

ಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು ಈ ದಿನಗಳಲ್ಲಿ ಬೇಡ. ಹಿಮ್ಮಡಿ ಒಂದು ಸೆಂಟಿಮೀಟರ್ ಎತ್ತರವಿರುವ ಚಪ್ಪಲಿಯನ್ನು ಮನೆಯೊಳಗೂ ಹಾಕಿಕೊಳ್ಳಿ. ಸವೆದು ಚಪಾತಿಯಂತಾದ ಹವಾಯಿ ಚಪ್ಪಲಿ ಇದಕ್ಕೆ ಆಗುವುದಿಲ್ಲ. ಶೂ ಒಳಗೆ ಎರಡೂ ಕಾಲಿಗೂ 8ರಿಂದ 10 ಮಿಲಿಮೀಟರ್ ಹಿಮ್ಮಡಿ ಪ್ಯಾಡ್ ಇಡಬಹುದು. ಒಂದೇ ಕಾಲಿಗಿಟ್ಟರೆ ಸೊಂಟ ದೂರುತ್ತದೆ.

ಭಾರ ಹೊರಿಸುವುದು

1998ರಲ್ಲಿ ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಹೊಕಾನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 15 ಮಂದಿ ಹವ್ಯಾಸಿ ಓಟಗಾರರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಮೆಟ್ಟಿಲ ಅಂಚಿನಿಂದ ಹಿಮ್ಮಡಿಯನ್ನು ನಿಧಾನ ಇಳಿಸುವುದು, ಮಂಡಿ ನೆಟ್ಟಗೆ 15ರ ಮೂರು ಸುತ್ತು, ಮಂಡಿ ಬಾಗಿಸಿ ಮೂರು ಸುತ್ತು, ದಿನಕ್ಕೆರಡು ಹೊತ್ತು, 12 ವಾರ. ದಿನಕ್ಕೆ 180 ಸಲವಾಯಿತು. ಅದು ಕೆಲಸ ಮಾಡುತ್ತದೆ, ಆದರೆ ಕಚೇರಿ, ಮನೆ, ಟ್ರಾಫಿಕ್ಕಿನ ನಡುವೆ 12 ವಾರ ಅದನ್ನು ಹಿಡಿದು ಮಾಡುವವರು ಕಡಿಮೆ. ವಾರಕ್ಕೆ ಮೂರೇ ದಿನ, ನಿಧಾನಕ್ಕೆ, ಹೆಚ್ಚು ಭಾರದಲ್ಲಿ ಮಾಡುವ ಕ್ರಮವೂ ಅಷ್ಟೇ ಫಲ ಕೊಡುವುದನ್ನು ಡೆನ್ಮಾರ್ಕಿನವರು 2015ರಲ್ಲಿ ತೋರಿಸಿದರು. ಕೆಲಸಕ್ಕೆ ಹೋಗುವವರಿಗೆ ಇದೇ ವಾಸಿ.

ತುದಿಗಾಲಿಗೆ ಏರಿ ಇಳಿಯುವ ಲೆಕ್ಕ ಹೀಗೆ: ಭಾರದ ಮೊದಲ ವಾರ 15ರ 3 ಸುತ್ತು; 2–3ನೇ ವಾರ 12ರ 3 ಸುತ್ತು; 4–5ನೇ ವಾರ 10ರ 4 ಸುತ್ತು; 6ರಿಂದ 8ನೇ ವಾರ 8ರ 4 ಸುತ್ತು; 9ರಿಂದ 12ನೇ ವಾರ 6ರ 4 ಸುತ್ತು. ಎಣಿಕೆ ಇಳಿದಂತೆ ಭಾರ ಏರಬೇಕು. 8 ಎಂದರೆ ಒಂಬತ್ತನೆಯದನ್ನು ಎತ್ತಲು ಆಗಲೇಬಾರದು, ಅಷ್ಟು ಭಾರ. ಏರಲು 3 ಸೆಕೆಂಡು, ಇಳಿಯಲು 3 ಸೆಕೆಂಡು, ಸುತ್ತುಗಳ ನಡುವೆ 2–3 ನಿಮಿಷ ಬಿಡುವು. 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಂದು ಬಾಯಿಬಿಟ್ಟು ಎಣಿಸಿ. ಮನಸ್ಸಿನಲ್ಲೇ ಎಣಿಸಿದರೆ ಮೂರು ಸೆಕೆಂಡು ಒಂದೂವರೆ ಆಗಿಬಿಡುತ್ತದೆ.

ಎರಡು ಬಗೆ ಮಾಡಬೇಕು. ಮೊದಲನೆಯದು ನಿಂತು, ಮಂಡಿ ನೆಟ್ಟಗೆ. ಎರಡನೆಯದು ಕುಳಿತು, ಮಂಡಿ ಬಾಗಿಸಿ. ಮಂಡಿ ಬಾಗಿದಾಗ ಒಳಗಿನ ಸೋಲಿಯಸ್ ಸ್ನಾಯುವಿಗೆ ಕೆಲಸ ಹೆಚ್ಚು, ಓಟದಲ್ಲಿ ಹೆಚ್ಚಿನ ಹೊರೆ ಹೊರುವುದೂ ಅದೇ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ಕುಳಿತು ಮಾಡುವುದು ಸೋಮಾರಿ ವ್ಯಾಯಾಮದಂತೆ ಕಾಣುತ್ತದಲ್ಲ.

ಜಿಮ್ ಇಲ್ಲದವರಿಗೆ: ನಿಂತು ಮಾಡಲು ಮೆಟ್ಟಿಲ ಸಾಲಿನ ತೀರ ಕೆಳಗಿನ ಮೆಟ್ಟಿಲು ಸಾಕು (ಬುಡ ನೋಯುವವರಿಗೆ ಸಮನೆಲವೇ), ಕೈಗೆ ಕಂಬಿ ಇರಲಿ. ಹೊಸ್ತಿಲ ಮೇಲೆ ಬೇಡ. ಅಜ್ಜಿಯ ಬೈಗುಳ ಒಂದು ಕಾರಣ, ಪಾದದ ಮುಂಭಾಗ ಪೂರ್ತಿ ಊರುವಷ್ಟು ಅಗಲ ಅಲ್ಲಿ ಇರುವುದಿಲ್ಲ ಎನ್ನುವುದು ಇನ್ನೊಂದು. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಒಂದು ಲೀಟರಿನ ನೀರಿನ ಬಾಟಲಿಗಳನ್ನು ಜೋಡಿಸಿದರೆ ಒಂದೊಂದು ಕೆಜಿ ಏರಿಸುತ್ತಾ ಹೋಗಬಹುದು. ಬ್ಯಾಗು 15 ಕೆಜಿ ದಾಟಿದರೆ ಹೆಗಲು ಮೊದಲು ಸೋಲುತ್ತದೆ, ಆಗ ಜಿಮ್ಮಿನ ಸ್ಮಿತ್ ಮಷೀನ್ (ಎರಡು ಕಂಬಗಳ ನಡುವೆ ಮೇಲೆಕೆಳಗೆ ಜಾರುವ ಭಾರದ ಸರಳು) ಹುಡುಕುವುದೇ ದಾರಿ. ಕುಳಿತು ಮಾಡಲು ಗಟ್ಟಿ ಕುರ್ಚಿ, ಪಾದದ ಮುಂಭಾಗದ ಕೆಳಗೆ ಮಣೆ (ಬುಡ ನೋಯುವವರಿಗೆ ಮಣೆ ಬೇಡ), ಮಂಡಿಯ ಹತ್ತಿರ ತೊಡೆಯ ಮೇಲೆ ಮಡಚಿದ ಟವೆಲ್, ಅದರ ಮೇಲೆ 25 ಕೆಜಿ ಅಕ್ಕಿ ಮೂಟೆ. ಮೂಟೆ ತೊಡೆಯ ನಡುವಿಗೆ ಜಾರಿದರೆ ಅರ್ಧ ಭಾರ ಕುರ್ಚಿಗೆ ಹೋಗುತ್ತದೆ, ಹಿಮ್ಮಡಿಗೆ ನೇರ ಮೇಲೆಯೇ ಇರಲಿ. ಮೂಟೆಯನ್ನು ಬೇರೆಯವರು ಎತ್ತಿಡಲಿ. ಹಿಮ್ಮಡಿ ಸರಿಮಾಡಲು ಹೋಗಿ ಬೆನ್ನು ಹಿಡಿಸಿಕೊಂಡರೆ ಕೆಟ್ಟ ವ್ಯಾಪಾರ.

ತಪ್ಪುವುದು ಎಲ್ಲಿ ಎಂದರೆ, ಮೊದಲು ಎತ್ತರದಲ್ಲಿ. ದಣಿದ ಕಾಲು ಪ್ರತಿ ಸಲಕ್ಕೂ ಕೂದಲೆಳೆಯಷ್ಟು ಕಡಿಮೆ ಏರುತ್ತದೆ, ಹತ್ತನೆಯ ಸಲಕ್ಕೆ ಅರ್ಧವೇ ಉಳಿದಿರುತ್ತದೆ, ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಪೂರ್ತಿ ಏರಿ ನಿಂತಾಗ ನೆತ್ತಿ ಎಲ್ಲಿ ಬರುತ್ತದೋ ಅಲ್ಲಿ ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆ ಮುಟ್ಟದ್ದು ಲೆಕ್ಕಕ್ಕಿಲ್ಲ. ಎರಡನೆಯದು, ಮೇಲೇರುವಾಗ ಪಾದ ಕಿರುಬೆರಳ ಕಡೆಗೆ ವಾಲುವುದು. ಭಾರ ಹೆಬ್ಬೆರಳು ಮತ್ತು ಎರಡನೇ ಬೆರಳಿನ ಬುಡದ ಮೇಲೆ ಇರಬೇಕು. ಮೂರನೆಯದು, ಕೆಳಗಿನ ತುದಿಯಲ್ಲಿ ಚೆಂಡಿನಂತೆ ಪುಟಿದು ಮೇಲೇರುವುದು. ನಾಲ್ಕನೆಯದು, ನೋವು ಹೋಯಿತೆಂದು ಐದನೇ ವಾರಕ್ಕೆ ಬಿಟ್ಟುಬಿಡುವುದು. ಮೊದಲು ಹೋಗುವುದು ನೋವು, ಬಲ ಬರುವುದು ಆಮೇಲೆ.

ಒಳ್ಳೆಯ ಕಾಲಿನಲ್ಲೂ ಎಲ್ಲವನ್ನೂ ಮಾಡಿ. ಎರಡು ಭಾರದ ದಿನಗಳ ನಡುವೆ ಕನಿಷ್ಠ ಒಂದು ದಿನದ ಅಂತರವಿರಲಿ. ಭಾರ ಬಿದ್ದ ಮೇಲೆ ಮೊದಲ ಒಂದು ಒಂದೂವರೆ ದಿನ ಹುರಿಯ ಕಾಲಜನ್ (ಹುರಿಯ ನಾರುಗಳ ಪ್ರೋಟೀನ್) ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ಕಟ್ಟುವ ಕೆಲಸ ಮುಂದಾಗುವುದು ಅದರ ನಂತರ.

ಮತ್ತೆ ಓಟಕ್ಕೆ

ಚುರುಕಾದ 30 ನಿಮಿಷದ ನಡಿಗೆಯ ಮರುದಿನ ಬೆಳಗಿನ ಸಂಖ್ಯೆ ಏರದಿರಬೇಕು. ಒಂಟಿಕಾಲಲ್ಲಿ 20ರಿಂದ 25 ಸಲ, ಪೆನ್ಸಿಲ್ ಗೆರೆ ಮುಟ್ಟುವಂತೆ, ಏರಲು ಆಗಬೇಕು. ಅರವತ್ತು ದಾಟಿದವರಿಗೆ ಈ ಸಂಖ್ಯೆ ಕಡಿಮೆ ಇದ್ದರೂ ಸರಿ, ಎರಡು ಕಾಲಿನ ನಡುವಿನ ವ್ಯತ್ಯಾಸ ಎರಡು ಮೂರಕ್ಕಿಂತ ಹೆಚ್ಚಿರಬಾರದು. ಆಮೇಲೆ ಎರಡೂ ಕಾಲಲ್ಲಿ ಸಣ್ಣದಾಗಿ ಪುಟಿಯುವುದು, 20ರ ಮೂರು ಸುತ್ತು. ಒಂದು ವಾರದ ನಂತರ ಒಂಟಿಕಾಲಲ್ಲಿ. ಕುಂಟೆಬಿಲ್ಲೆ ಆಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂಟಿಕಾಲಲ್ಲಿ 20 ಸಲ ಪುಟಿದಾಗ ನೋವು ಹತ್ತಕ್ಕೆ ಎರಡರೊಳಗಿದ್ದರೆ ಶೂ ಕಟ್ಟಬಹುದು. ಕೆಲವರಿಗೆ ಇದು ಆರನೇ ವಾರಕ್ಕೇ ಬರುತ್ತದೆ, ಕೆಲವರಿಗೆ ಹನ್ನೆರಡು ದಾಟುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ಮುಟ್ಟು ನಿಂತ ನಂತರದ ಹೆಂಗಸರಿಗೆ ನಿಧಾನವಾಗಬಹುದು, ಅದಕ್ಕೆ ಬೇಸರ ಬೇಡ.

ಮೊದಲ ಓಟ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ. ಸಮನೆಲ, ಮಾತಾಡಿಕೊಂಡು ಓಡುವ ವೇಗ. ಮತ್ತೆ ಓಡುವುದು ಎರಡು ದಿನ ಬಿಟ್ಟು. ಬೆಳಗಿನ ಲೆಕ್ಕ ಸರಿಯಿದ್ದರೆ 2 ನಿಮಿಷ ಓಟ, 2 ನಡಿಗೆ. ಆಮೇಲೆ 3ಕ್ಕೆ 1, 5ಕ್ಕೆ 1. ಹೀಗೆ ನಾಲ್ಕೈದು ವಾರದಲ್ಲಿ 30 ನಿಮಿಷದ ಸತತ ಓಟಕ್ಕೆ ಬರಬಹುದು. ಭಾರದ ವ್ಯಾಯಾಮವನ್ನು ಓಡಿದ ದಿನವೇ ಸಂಜೆ ಮುಗಿಸಿ, ಆಗ ಮರುದಿನ ಹುರಿಗೆ ನಿಜವಾದ ಬಿಡುವು ಸಿಗುತ್ತದೆ. ಓಟ ಒಂದು ದಿನ, ವ್ಯಾಯಾಮ ಮರುದಿನ ಎಂದು ಹಂಚಿದರೆ ಬಿಡುವಿನ ದಿನವೇ ಉಳಿಯುವುದಿಲ್ಲ.

ಮೊದಲು ದೂರ ಏರಿಸಿ, ಆಮೇಲೆ ವೇಗ, ಕಟ್ಟಕಡೆಗೆ ಏರು. ಓಟಗಾರರು ಇದನ್ನು ತಿರುಗುಮುರುಗು ಮಾಡುತ್ತಾರೆ: 'ಬರೀ ಐದು ಕಿಲೋಮೀಟರ್ ತಾನೇ' ಎಂದು ಜೋರಾಗಿ ಓಡುತ್ತಾರೆ. ಹುರಿಯ ಲೆಕ್ಕದಲ್ಲಿ ಜೋರಾದ ಐದು, ನಿಧಾನದ ಎಂಟಕ್ಕಿಂತ ದುಬಾರಿ. ಏರಿನಲ್ಲಿ ಪಾದ ಹೆಚ್ಚು ಬಾಗುವುದರಿಂದ ನಂದಿ ಬೆಟ್ಟದ ರಸ್ತೆ, ಚಾಮುಂಡಿಯ ಮೆಟ್ಟಿಲು ಕೊನೆಯ ಸಾಲಿನವು. ಲಾಲ್‌ಬಾಗಿನ ಒಳದಾರಿ, ಶ್ರೀರಂಗಪಟ್ಟಣದ ಕಾಲುವೆ ಏರಿಯಂಥ ಸಮತಟ್ಟು ಮಣ್ಣು ಮೊದಲು. ತೀರ ಚಪ್ಪಟೆ ಅಡಿಯ ಶೂಗಳಿಗೆ ಬದಲಾದ ತಿಂಗಳಲ್ಲೇ ನೋವು ಶುರುವಾಗಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಿಮ್ಮಡಿ-ಬೆರಳಿನ ಎತ್ತರದ ವ್ಯತ್ಯಾಸ 10 ಮಿಲಿಮೀಟರ್ ಇರುವ ಶೂಗೆ ಸದ್ಯ ಮರಳಿ.

ಸ್ಪರ್ಧೆಯ ದಿನಾಂಕಕ್ಕೆ ಹುರಿಯನ್ನು ಹೊಂದಿಸಲು ಆಗುವುದಿಲ್ಲ. ಅಕ್ಟೋಬರಿನಲ್ಲಿ ಶುರುವಾದ ನೋವಿಟ್ಟುಕೊಂಡು ಜನವರಿಯ ಮುಂಬೈ ಫುಲ್ ಮ್ಯಾರಥಾನ್ ಓಡುವುದು ಜೂಜು. ಬೇಸಿಗೆಯ ಬೆಂಗಳೂರು 10ಕೆ ನ್ಯಾಯವಾದ ಗುರಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ: ಹುರಿ ಹೇಳುವುದು ಕೇಳಿಸುವುದಿಲ್ಲ, ಜೊತೆಗೆ ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು.

ಸ್ಕ್ಯಾನು, ಸೂಜಿ, ಕರೆಂಟು

ನೋವೇ ಇಲ್ಲದ ಓಟಗಾರರ ಹುರಿಯೂ ಸ್ಕ್ಯಾನಿನಲ್ಲಿ ದಪ್ಪಗೆ ಕಾಣಬಹುದು, ಪೂರ್ತಿ ಗುಣವಾದವರದ್ದೂ ಹಾಗೆಯೇ ಉಳಿಯಬಹುದು. ಹರಿದಿರುವ ಅನುಮಾನ ಇಲ್ಲದಿದ್ದರೆ, ಮೂರು ತಿಂಗಳ ಸರಿಯಾದ ವ್ಯಾಯಾಮದ ಮೊದಲೇ ಎಂಆರ್‌ಐಗೆ ದುಡ್ಡು ಸುರಿಯುವುದರಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ರಿಪೋರ್ಟಿನ 'ಡಿಜೆನರೇಶನ್' (ಸವೆತ) ಎಂಬ ಪದ ಓದಿ ಹೆದರಿ ಕಾಲಿಗೆ ಭಾರ ಹಾಕುವುದನ್ನೇ ಬಿಡುವವರಿದ್ದಾರೆ, ಸ್ಕ್ಯಾನಿನ ನಷ್ಟ ದುಡ್ಡಿಗಿಂತ ಅಲ್ಲಿ ದೊಡ್ಡದು. ಹುರಿಯೊಳಕ್ಕೆ ಸ್ಟೆರಾಯ್ಡ್ ಸೂಜಿ ಕೆಲ ವಾರ ಹಾಯೆನಿಸುತ್ತದೆ, ಹುರಿ ಹರಿಯುವ ಅಪಾಯ ತರುತ್ತದೆ. ಸ್ಪರ್ಧೆಗೆ ಮುನ್ನ ಅದನ್ನು ಕೇಳಿಕೊಂಡು ಹೋಗಬೇಡಿ.

ಹತ್ತು ದಿನದ 'ಕರೆಂಟು' ಪ್ಯಾಕೇಜು ಮಾತ್ರ ಕೊಟ್ಟು ಕಳಿಸುವ ಕಡೆ ಕಾಲು ಬಲವಾಗುವುದಿಲ್ಲ. ಮಂಚದ ಮೇಲೆ ಮಲಗಿದವರ ಹುರಿಗೆ ಯಾವ ಭಾರವೂ ಬಿದ್ದಿರುವುದಿಲ್ಲವಲ್ಲ. ಫಿಸಿಯೋಥೆರಪಿಸ್ಟ್ ಬಳಿ ಹೋಗುವಾಗ ಕಳೆದ ಆರು ವಾರದ ಓಟದ ಲೆಕ್ಕ, ಓಡುವ ಶೂ, ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಅವರು ನಿಮ್ಮನ್ನು ಒಂಟಿಕಾಲಲ್ಲಿ ಏರಿಸಿ ಎಣಿಸಿದರೇ ನೋಡಿ. ಇಂದು ಎಷ್ಟು ಭಾರ, ಯಾವಾಗ ಏರಿಸಬೇಕು, ಯಾವ ಗುರುತು ಕಂಡರೆ ಇಳಿಸಬೇಕು: ಈ ಮೂರಕ್ಕೆ ಉತ್ತರ ಕೇಳಿಕೊಂಡೇ ಎದ್ದು ಬನ್ನಿ. ಹದಿನೈದು ದಿನಕ್ಕೊಮ್ಮೆ ಭೇಟಿ ಸಾಕು. ನಡುವಿನ ಹದಿನಾಲ್ಕು ದಿನದ ಕೆಲಸ ನಿಮ್ಮದು.

ಗುಣವಾದ ಮೇಲೆ

ಓಟ ಮೊದಲಿನಂತಾದ ಮೇಲೂ ವಾರಕ್ಕೆ ಒಂದು ದಿನ, ನಿಂತು 8ರ 3 ಸುತ್ತು, ಕುಳಿತು 8ರ 3 ಸುತ್ತು, ಪೂರ್ತಿ ಭಾರದಲ್ಲಿ ನಡೆಯುತ್ತಲೇ ಇರಲಿ. ಊರಿಗೆ ಹೋಗಿ ಹದಿನೈದು ದಿನ ಮದುವೆ-ಮುಂಜಿಯಲ್ಲಿ ಓಟ ತಪ್ಪಿತೆಂದರೆ, ಬಂದ ವಾರ ತಪ್ಪಿದ್ದನ್ನೆಲ್ಲ ತುಂಬಿಕೊಳ್ಳಲು ಹೋಗಬೇಡಿ. ಹಳೆಯ ವಾರದ ಅರ್ಧದಿಂದ ಶುರು ಮಾಡಿ ಮೂರು ವಾರದಲ್ಲಿ ಪೂರ್ತಿಗೆ ಬನ್ನಿ. ಮಗುವಿನ ಜ್ವರಕ್ಕೆ ನಿದ್ದೆಗೆಟ್ಟ ವಾರ, ಆಫೀಸಿನಲ್ಲಿ ರಾತ್ರಿ ಹನ್ನೊಂದಾದ ವಾರಗಳಲ್ಲೂ ವೇಗದ ಓಟವನ್ನು ಮುಂದಕ್ಕೆ ಹಾಕಿ, ನಿಧಾನದ ಓಟ ಉಳಿಸಿಕೊಳ್ಳಿ. ಗೋಡೆಯ ಪೆನ್ಸಿಲ್ ಗೆರೆಯನ್ನು ಅಳಿಸಬೇಡಿ. ತಿಂಗಳಿಗೊಮ್ಮೆ ಅದರ ಕೆಳಗೆ ನಿಂತು ಎರಡೂ ಕಾಲಲ್ಲಿ ಎಣಿಸಿ. ಹಿಂದೆ ನೋಯುತ್ತಿದ್ದ ಕಾಲು ಐದರಷ್ಟು ಹಿಂದೆ ಬಿದ್ದಿದ್ದರೆ, ಬೆಳಿಗ್ಗೆ ಬಿಗಿತ ಕಾಣುವ ಮೊದಲೇ, ವಾರದ ಒಂದು ದಿನವನ್ನು ಮತ್ತೆ ಮೂರಕ್ಕೆ ಏರಿಸಿ.